ಹೈಸ್ಕೂಲಿನ ಇಂಗ್ಲಿಷ್ ಪಾಠ: ನಂಬಿಕೆಗಳು ಮತ್ತು ವಾಸ್ತವ

ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ 100 ಅಂಕ. ಗಣಿತಕ್ಕೆ ಹೆದರುವಷ್ಟೇ ಮಕ್ಕಳು ಇದಕ್ಕೂ ಹೆದರುತ್ತಾರೆ. ಈ ಹೆದರಿಕೆ ಮಕ್ಕಳು ಹುಟ್ಟುವಾಗ ತಂದದ್ದಲ್ಲ. ಮೇಷ್ಟ್ರುಗಳೂ ಪಾಲಕರೂ ಸೇರಿ ವರ್ಷಗಟ್ಟಲೆ ಬೆಳೆಸಿಕೊಂಡು ಬಂದ ಕೆಲವು ನಂಬಿಕೆಗಳು ಅದನ್ನು ಸಾಕುತ್ತಿವೆ.

ತಪ್ಪು ಕಲ್ಪನೆ: ಮೊದಲು ಗ್ರಾಮರ್ ಗಟ್ಟಿಯಾಗಬೇಕು, ಭಾಷೆ ಆಮೇಲೆ ತಾನಾಗಿ ಬರುತ್ತದೆ.

ವಾಸ್ತವ: ಪ್ಯಾಸಿವ್ ವಾಯ್ಸ್ ತಪ್ಪಿಲ್ಲದೆ ಬರೆಯುವ ಹುಡುಗನಿಗೆ ಒಂದು ರಜಾ ಅರ್ಜಿ ಬರೆಯಲು ಹೇಳಿ. ಜ್ವರದ ಅರ್ಜಿಯಾದರೆ ಒಂದೇ ಉಸಿರಿಗೆ ಬರೆದು ಕೊಡುತ್ತಾನೆ, ಅದು ಬಾಯಿಪಾಠ. 'ಜ್ವರ ಬೇಡ, ನಿಮ್ಮೂರ ಜಾತ್ರೆಗೆ ಹೋಗಿದ್ದೆ ಅಂತ ಬರಿ' ಅಂದರೆ ಪೆನ್ನು ನಿಂತುಬಿಡುತ್ತದೆ. ನಿಯಮ ಗೊತ್ತಿದೆ, ಹೇಳುವುದಕ್ಕೂ ವಿಷಯವಿದೆ. ಎರಡಕ್ಕೂ ನಂಟು ಮಾತ್ರ ಬೆಳೆದಿಲ್ಲ.

ಇದನ್ನು ನಮ್ಮ ನೆಲದಲ್ಲೇ ಒರೆಗೆ ಹಚ್ಚಿ ನೋಡಿದ್ದಾರೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಆ ಪ್ರಯೋಗ ಜಗತ್ತಿನಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಊರಾಚೆಯವರು ಓದುವ ಈ ಪ್ರಯೋಗವನ್ನು ನಮ್ಮ ಸ್ಟಾಫ್ ರೂಮುಗಳಲ್ಲಿ ನೆನೆಯುವವರು ಕಡಿಮೆ ಎಂಬ ನೋವು ನನಗಿದೆ. ಅಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ರೈಲಿನ ವೇಳಾಪಟ್ಟಿ ಬರೆಯುತ್ತಿದ್ದರು. ಯಾವ ಗಾಡಿ ಎಷ್ಟಕ್ಕೆ ಹೊರಡುತ್ತದೆ, ಎಷ್ಟಕ್ಕೆ ಮುಟ್ಟುತ್ತದೆ, ಯಾವುದಕ್ಕೆ ಹತ್ತಿದರೆ ಬೇಗ ತಲುಪಬಹುದು ಎಂದು ಇಂಗ್ಲಿಷಿನಲ್ಲೇ ಕೇಳುತ್ತ, ಇಡೀ ತರಗತಿಯ ಜೊತೆ ಒಂದು ಲೆಕ್ಕ ಬಿಡಿಸುತ್ತಿದ್ದರು. ಆಮೇಲೆ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಇನ್ನೊಂದು ದಿನ ಬೇರೆ ಬೇರೆ ತರಗತಿಗಳ ಟೈಂಟೇಬಲ್ ಕೊಟ್ಟು, ಅದರಿಂದ ಒಬ್ಬ ಮೇಷ್ಟ್ರ ಟೈಂಟೇಬಲ್ ಕಟ್ಟುವ ಕೆಲಸ. ಅರ್ಧದಷ್ಟು ಮಕ್ಕಳಿಗೆ ಕೆಲಸದ ಅರ್ಧವಾದರೂ ಸರಿಬಂದರೆ ಅದು ತಕ್ಕ ಸವಾಲು, ಬರದಿದ್ದರೆ ಮುಂದಿನ ಸಲ ಸುಲಭ ಮಾಡಬೇಕು ಎಂಬುದು ಅವರ ಅಳತೆಗೋಲು. ನಾಳೆಯ ತರಗತಿಯಲ್ಲೇ ಇಟ್ಟು ನೋಡಬಹುದಾದ ಅಳತೆ ಇದು.

ಕೊನೆಗೆ ಹಳೆಯ ಪದ್ಧತಿಯ ತರಗತಿಗಳನ್ನೂ ಇವನ್ನೂ ಹೋಲಿಸಿದರು. ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ತರಗತಿಗಳು ಮುಂದಿದ್ದವು. ಕೇಳಿ ಮತ್ತು ಓದಿ ಅರ್ಥಮಾಡಿಕೊಳ್ಳುವುದು, ಡಿಕ್ಟೇಶನ್, ಸಂದರ್ಭದೊಳಗೆ ವ್ಯಾಕರಣವನ್ನು ಬಳಸುವುದು, ಇವುಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಹಾಗೆಂದು ಗ್ರಾಮರನ್ನು ಬಿಟ್ಟೇಬಿಡಬೇಕೆಂದು ನಾನು ಹೇಳುವುದಿಲ್ಲ. ಜಾತ್ರೆಯ ಅರ್ಜಿ ಬರೆದು ತಂದ ಹುಡುಗನಿಗೆ ಭೂತಕಾಲ ತಿದ್ದಿಕೊಟ್ಟರೆ ಅವನ ಮನಸ್ಸಿಗೆ ಇಳಿಯುತ್ತದೆ, ಏಕೆಂದರೆ ಆಗ ಅದು ಅವನಿಗೇ ಬೇಕಾಗಿರುತ್ತದೆ.

ತಪ್ಪು ಕಲ್ಪನೆ: ಹಳ್ಳಿ ಮಕ್ಕಳಿಗೆ ಕಥೆ, ಪದ್ಯ ಯಾಕೆ? ವ್ಯವಹಾರದ ಇಂಗ್ಲಿಷ್ ಕಲಿಸಿದರೆ ಸಾಕು.

ವಾಸ್ತವ: ಹತ್ತನೇ ತರಗತಿಯಲ್ಲಿ ಮಕ್ಕಳು ಓದುತ್ತ ಬಂದ ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಕಥೆಯನ್ನೇ ತೆಗೆದುಕೊಳ್ಳಿ. ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿಯನ್ನು ಸ್ವಾಮಿ ಎಂಬ ಹುಡುಗನ ಅಪ್ಪ ಪೇಪರಿನಲ್ಲಿ ಓದುತ್ತಾರೆ. ಮೈಯಲ್ಲಿ ಬಲವಿಲ್ಲದೆ ಅದು ಆಗದ ಮಾತು ಎಂದು ಸ್ವಾಮಿ ವಾದಿಸುತ್ತಾನೆ. ಬಲಕ್ಕಿಂತ ಧೈರ್ಯ ದೊಡ್ಡದು, ಹಾಗಿದ್ದರೆ ಇವತ್ತು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಸವಾಲು ಹಾಕುತ್ತಾರೆ. ಅಜ್ಜಿಯ ಪಕ್ಕ ಮಲಗಿ ಅಭ್ಯಾಸವಾದ ಹುಡುಗ ನಡುಗುತ್ತ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕತ್ತಲಲ್ಲಿ ದೆವ್ವವೇ ಬಂತೆಂದು ಕಚ್ಚಿದರೆ, ಸಿಕ್ಕಿಬಿದ್ದವನು ಕಳ್ಳ!

ಸಾಮಾನ್ಯವಾಗಿ ಈ ಪಾಠ ಹೇಗೆ ನಡೆಯುತ್ತದೆ? ಒಂದು ಪ್ಯಾರಾ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಕೊನೆಗೆ ಗೈಡಿನ ಪ್ರಶ್ನೋತ್ತರ ಬರೆಸುವುದು. ಕಥೆ ಅಲ್ಲೇ ಸಾಯುತ್ತದೆ. ಬದಲಿಗೆ ಒಂದೇ ಪ್ರಶ್ನೆ ಕೇಳಿ: ಸ್ವಾಮಿ ಧೈರ್ಯವಂತನೇ? 'ಹೆದರಿಕೇಲಿ ಕಚ್ಚಿದ್ದು ಮಿಸ್, ಧೈರ್ಯ ಎಲ್ಲಿಂದ ಬಂತು?' ಎಂದು ಹಿಂದಿನ ಬೆಂಚಿನ ಹುಡುಗಿ ಎದ್ದು ನಿಲ್ಲುತ್ತಾಳೆ. ಹಾಗಾದರೆ ಅವನು ಹೆದರಿದ್ದ ಎನ್ನುವ ಸಾಲು ಎಲ್ಲಿದೆ, ತೋರಿಸು ಎನ್ನಿ. ಇಡೀ ತರಗತಿ ಪುಟ ತಿರುವುತ್ತದೆ. ಇಷ್ಟು ದಿನ ಮೇಷ್ಟ್ರು ಓದಿ ಹೇಳಿದ್ದನ್ನು ಈಗ ಮಕ್ಕಳು ತಾವಾಗಿ, ವಾದ ಗೆಲ್ಲುವುದಕ್ಕಾಗಿ ಓದುತ್ತಿದ್ದಾರೆ. 'ಹೀ ವಾಸ್ ಅಫ್ರೇಡ್' ಎಂಬ ಮೂರು ಪದ ಬಂದರೆ 'ಬಟ್' ಸೇರಿಸಿ ಮುಂದುವರಿಸು ಎನ್ನಬಹುದು. ವ್ಯವಹಾರದ ಇಂಗ್ಲಿಷಿಗೂ ಬೇಕಾದ್ದು ಇದೇ ತಾನೇ: ಓದಿದ್ದನ್ನು ಆಧಾರ ಮಾಡಿಕೊಂಡು ತನ್ನ ಮಾತು ಹೇಳುವುದು.

ಪದ್ಯದ ವಿಷಯದಲ್ಲಿ ನನ್ನ ಬೇಡಿಕೆ ಸಣ್ಣದು. ಸಾರಾಂಶ ಬೋರ್ಡಿಗೆ ಏರುವ ಮೊದಲು ಎರಡು ಸಲ ಗಟ್ಟಿಯಾಗಿ, ಲಯಬದ್ಧವಾಗಿ ಓದಿ ಕೇಳಿಸಿ.

ತಪ್ಪು ಕಲ್ಪನೆ: ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡದ ಮಾತೇ ಬರಬಾರದು.

ವಾಸ್ತವ: ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ದಂಡದಿಂದ ಮಗು ಕಲಿಯುವುದು ಬಾಯಿ ಮುಚ್ಚಿಕೊಂಡಿರುವುದನ್ನು. ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆ ಕನ್ನಡದಲ್ಲಿ ಬಂದದ್ದರಿಂದಲೇ ತರಗತಿ ಎದ್ದು ಕೂತಿತು. ಪಾಠ ಪೂರ್ತಿ ಕನ್ನಡದಲ್ಲೇ ನಡೆದರೆ ಇಂಗ್ಲಿಷ್ ಕಿವಿಗೆ ಬೀಳುವುದಿಲ್ಲ, ಅದೂ ನಿಜ. ಆದರೆ ಎರಡು ಭಾಷೆಗಳನ್ನು ವೈರಿಗಳ ಹಾಗೆ ಕಾಣಲು ನಮ್ಮ ಚರಿತ್ರೆಯೇ ಒಪ್ಪುವುದಿಲ್ಲ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟ ಬಿ.ಎಂ.ಶ್ರೀ ಇಂಗ್ಲಿಷ್ ಪ್ರಾಧ್ಯಾಪಕರು. ಅಡಿಗರು, ಅನಂತಮೂರ್ತಿ, ಲಂಕೇಶ್ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡಕ್ಕೆ ಹೊಸ ನುಡಿ ತಂದವರು.

ತಪ್ಪು ಕಲ್ಪನೆ: ಉಚ್ಚಾರಣೆ ಇಂಗ್ಲಿಷರ ಹಾಗೆ ಇರಬೇಕು.

ವಾಸ್ತವ: ಕೇಳಿದವರಿಗೆ ತಿಳಿಯಬೇಕು, ಅಷ್ಟೇ. 'ಎಗ್' ಎನ್ನುವಲ್ಲಿ 'ಯೆಗ್' ಎಂದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕು ಎಂಬುದನ್ನು ಕಲಿಸಿದರೆ ಹೆಚ್ಚು ಉಪಯೋಗ. ಮಗುವಿನ ಉಚ್ಚಾರಣೆಗೆ ನಕ್ಕರೆ ಮಾತ್ರ ಅದು ಮತ್ತೆ ಬಾಯಿ ಬಿಡುವುದಿಲ್ಲ.

ತಪ್ಪು ಕಲ್ಪನೆ: ಬೇಗ ಶುರುಮಾಡಿದರೆ ಇಂಗ್ಲಿಷ್ ಬಂದೇ ಬರುತ್ತದೆ.

ವಾಸ್ತವ: ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ. ಅಂದರೆ ಎಂಟನೇ ತರಗತಿಗೆ ಬರುವ ಮಗು ಏಳು ವರ್ಷ ಇಂಗ್ಲಿಷ್ ಪಾಠ ಕೇಳಿರುತ್ತದೆ. ಆದರೂ ಒಂದು ಪುಟ ತಾನಾಗಿ ಓದಲಾರದ ಮಕ್ಕಳು ಎದುರಿಗೆ ಕೂತಿರುತ್ತಾರೆ. ಆ ಏಳು ವರ್ಷದಲ್ಲಿ ಪಠ್ಯಪುಸ್ತಕ ಬಿಟ್ಟು ಎಷ್ಟು ಇಂಗ್ಲಿಷ್ ಪುಸ್ತಕ ಅವರ ಕೈಗೆ ಸಿಕ್ಕಿತು ಎಂದು ಕೇಳಬೇಕು.

ತಪ್ಪು ಕಲ್ಪನೆ: ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಸಾಕು.

ವಾಸ್ತವ: ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಮೇಷ್ಟ್ರಿಗೆ. ಹಾಗಾಗಿ ಜನವರಿ ಬಂತೆಂದರೆ ಆಯ್ದ ಪ್ರಶ್ನೆ, ಒಂದು ಪದ್ಯ, ಒಂದು ಪತ್ರ ಗಟ್ಟಿ ಮಾಡಿಸುತ್ತಾರೆ. ಆ ಒತ್ತಡ ನನಗೂ ಗೊತ್ತು, ಯಾರನ್ನೂ ದೂರುವುದಿಲ್ಲ. ಆದರೆ ಎಂಟನೇ ತರಗತಿಯಿಂದಲೇ ಮಗುವಿಗೆ ಪ್ಯಾಕೇಜನ್ನಷ್ಟೇ ಕೊಡುವುದು ಅನ್ಯಾಯ. ಓದಲು ಬರದ ಹದಿಮೂರರ ಹುಡುಗನಿಗೆ ಬೇಕಾದ್ದು ಪುಟಕ್ಕೆ ಎರಡೇ ಸಾಲಿರುವ ಸುಲಭ ಕಥೆಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ ಅಂಥ ಪುಸ್ತಕಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ತರುತ್ತಿದೆ. ಅದರ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಪ್ರಿಂಟ್ ಹಾಕಿಸಿಕೊಳ್ಳಬಹುದು. ಮೊದಲು ಕನ್ನಡದಲ್ಲಿ ಓದಲಿ, ಅದೇ ಕಥೆಯನ್ನು ಮರುದಿನ ಇಂಗ್ಲಿಷಿನಲ್ಲಿ ಓದಲಿ. ಚಿಕ್ಕ ಮಕ್ಕಳ ಪುಸ್ತಕ ಎಂಬ ಸಂಕೋಚ ಅವನಿಗೆ ಆಗದಂತೆ ಇಡೀ ತರಗತಿಗೇ ಹಂಚಿ. ವಾರಕ್ಕೊಂದು ಪಿರಿಯಡ್ ಇದಕ್ಕೆ ಮೀಸಲಿಡಲು ಹೆಡ್‌ಮಾಸ್ಟರ ಒಪ್ಪಿಗೆ ಸಾಕು, ಇಲಾಖೆಯ ಸುತ್ತೋಲೆಗೆ ಕಾಯಬೇಕಿಲ್ಲ.