ಹಿಮ ಸುರಿಯುವಾಗ ಓರೆಯ ಲೆಕ್ಕ

ಮೊರದಲ್ಲಿ ಒಂದು ಹಿಡಿ ಬೊಂಬಾಯಿ ರವೆ ಹರಡಿ. ಅದರ ಮೇಲೆ ಒಣಗಿ ಗಟ್ಟಿಯಾದ ಜೋಳದ ರೊಟ್ಟಿಯೊಂದನ್ನು ಇಟ್ಟು, ಮೊರದ ಒಂದು ಅಂಚನ್ನು ಮೆಲ್ಲಗೆ ಎತ್ತುತ್ತ ಹೋಗಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಒಂದು ಓರೆ ಮುಟ್ಟಿದ್ದೇ ತಡ, ರೊಟ್ಟಿ ಇಡಿಯಾಗಿ ಜಾರಿಬಿಡುತ್ತದೆ. ಸ್ಕೀ ಮಾಡುವವರನ್ನು ಕೊಲ್ಲುವ ಹಿಮಕುಸಿತ ಬಹುಪಾಲು ಇಂಥದ್ದೇ: ಸಡಿಲ ಹರಳುಗಳ ಮೇಲೆ ಕೂತ ಹಿಮದ ಚಪ್ಪಡಿ. ನಮ್ಮ ಪತ್ರಿಕೆಗಳು ಇದನ್ನೂ ಹಿಮಪಾತ ಎಂದೇ ಬರೆಯುವುದುಂಟು. ಹಿಮ ಬೀಳುವುದು ಬೇರೆ, ಬಿದ್ದ ಹಿಮ ಜಾರುವುದು ಬೇರೆ. ಎರಡಕ್ಕೂ ಬೇರೆ ಬೇರೆ ಮಾತು ಇರಲೇಬೇಕು.

ಕಾಶ್ಮೀರದ ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲ (ಕೇಬಲ್ ಕಾರ್) ಏರಿದರೆ ಅಫರ್ವಟ್ ಬೆಟ್ಟದ ನೆತ್ತಿಯ ಹತ್ತಿರ, 3,900 ಮೀಟರಿಗೂ ಮೇಲೆ, ಇಳಿಯಬಹುದು. ಗುರುತು ಹಾಕಿದ ಹಾದಿ ಬಿಟ್ಟು ಆಚೀಚೆ ಹೊರಟರೆ ಅಲ್ಲಿಂದಲೇ ಬ್ಯಾಕ್‌ಕಂಟ್ರಿ ಶುರು. ಚಳಿಗಾಲದ ಮೊದಲಲ್ಲಿ ಹಿಮ ತೆಳ್ಳಗೆ ಬಿದ್ದು, ಆಮೇಲೆ ದಿನಗಟ್ಟಲೆ ಆಕಾಶ ತಿಳಿಯಾಗಿದ್ದರೆ, ನೆಲದ ಬಿಸುಪಿಗೂ ಮೇಲಿನ ಕೊರೆತಕ್ಕೂ ನಡುವೆ ಹಿಮದೊಳಗೇ ನೀರಾವಿ ಮೇಲೇರಿ, ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಅದೇ ಆ ರವೆ. ಅದರ ಮೇಲೆ ಬಿರುಗಾಳಿ ಚಪ್ಪಡಿ ಹೊರಿಸುತ್ತದೆ.

ಒಂದೇ ದಿನದಲ್ಲಿ 30 ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಎಚ್ಚರವಾಗಬೇಕು ಎನ್ನುವುದು ಎಲ್ಲೆಡೆ ಕಲಿಸುವ ಪಾಠ. ಆದರೆ ಆಕಾಶಕ್ಕಿಂತ ಗಾಳಿಗೆ ಹೆಚ್ಚು ಹೆದರಬೇಕು. ಶಿಖರದ ಒಂದು ಮಗ್ಗುಲನ್ನು ಗುಡಿಸಿ, ಮರೆಯ ಮಗ್ಗುಲಲ್ಲಿ ಅದು ಹಿಮ ಪೇರಿಸುವ ವೇಗ ಸುರಿಯುವ ಹಿಮದ ಹತ್ತು ಪಟ್ಟು ಇರಬಹುದು. ಕಾಲ ಕೆಳಗೆ ‘ಧೊಪ್’ ಎಂಬ ಮಂದ ಸದ್ದು ಕೇಳಿದರೆ, ಒಳಗಿನ ಸಡಿಲ ಪದರ ಕುಸಿಯಿತೆಂದೇ ಅರ್ಥ. ಸ್ಕೀಯ ಮೂತಿಯಿಂದ ಕನ್ನಡಿ ಸೀಳಿದ ಹಾಗೆ ಬಿರುಕು ಓಡಿದರೆ ಚರ್ಚೆ ಬೇಡ, ಬಂದ ಜಾಡಿನಲ್ಲೇ ಹಿಂದಿರುಗಿ.

ಹಿಮದಲ್ಲಿ ಗುಂಡಿ ತೋಡಿ ನೋಡುವ ಪರೀಕ್ಷೆಯೂ ಉಂಟು. ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್, ಇಳಿಜಾರಿನ ಉದ್ದಕ್ಕೆ 30 ಸೆಂಟಿಮೀಟರ್ ಇರುವ ಕಂಬವೊಂದನ್ನು ಬಿಡಿಸಿಕೊಂಡು, ಅದರ ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುತ್ತಾರೆ: ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಬಿರುಕು ಆ ತುದಿಯಿಂದ ಈ ತುದಿಗೆ ಸರ್ರನೆ ಹರಿದರೆ ಬೆಟ್ಟ ಅಪಾಯಕಾರಿಯಾಗಿದೆ. ಹರಿಯದಿದ್ದರೆ? ಆ ಗುಂಡಿಯ ಮಟ್ಟಿಗೆ, ಆ ಗಳಿಗೆಯ ಮಟ್ಟಿಗೆ ಅಷ್ಟೇ. ಬಿರುಗಾಳಿಯಲ್ಲಿ ಹೊರೆ ಗಂಟೆಗಂಟೆಗೂ ಏರುತ್ತಿರುತ್ತದೆ. ಹತ್ತು ಗಂಟೆಗೆ ಸಿಕ್ಕ ಉತ್ತರ ಹನ್ನೆರಡಕ್ಕೆ ಹಳಸಿರುತ್ತದೆ.

ಹಾಗಾಗಿ ಹಿಮವನ್ನು ನಂಬಬೇಡಿ, ಓರೆಯನ್ನು ಅಳೆಯಿರಿ. ಚಪ್ಪಡಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ನಮ್ಮ ಮನೆಗಳ ಮೆಟ್ಟಿಲ ಸಾಲಿನ ಓರೆ ಸುಮಾರು 30 ಡಿಗ್ರಿ. ಕಣ್ಣಳತೆಗೆ ಅದೇ ಸಾಕು. ಮೆಟ್ಟಿಲಿಗಿಂತ ಕಡಿದಾದ ಕಡೆಗೆ ಬಿರುಗಾಳಿಯಲ್ಲಿ ಹೋಗಬಾರದು. ಅಂಥ ಓರೆಯ ಬುಡದಲ್ಲೂ ನಿಲ್ಲಬಾರದು, ಏಕೆಂದರೆ ಸಮತಟ್ಟಿನಲ್ಲಿ ನಿಂತೇ ಮೇಲಿನ ಚಪ್ಪಡಿಯನ್ನು ಎಳೆದುಕೊಳ್ಳಬಹುದು. ಹತ್ತು ಮಾರು ಮುಂದೆ ಕಾಣದ ಬಿಳುಪಿನಲ್ಲಿ ತಲೆಯ ಮೇಲೇನಿದೆ ಎಂದು ತಿಳಿಯುವುದಿಲ್ಲ. ಅದನ್ನು ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಬೇಕು. ಗೊಂಡೋಲದ ಮೇಲಿನ ಹಂತ ನಿಂತ ದಿನ ಕೆಳಗಿನ ಪೈನ್, ಫರ್ ಮರಗಳ ನಡುವೆ ಸ್ಕೀ ಮಾಡುವುದೇ ಸರಿ. ಅಲ್ಲೂ ಮರಗಳನ್ನು ಓದಬೇಕು: ಬೆಟ್ಟದ ಕಡೆಯ ಕೊಂಬೆಗಳಷ್ಟೇ ಮುರಿದು ಬೋಳಾಗಿದ್ದರೆ ಅದು ಹಿಮ ಇಳಿದು ಬರುವ ದಾರಿ.

ಬೇರೆಯವರ ಜಾಡು ಕಂಡು ಧೈರ್ಯ ತಂದುಕೊಳ್ಳುವುದು ದೊಡ್ಡ ತಪ್ಪು. ಐದನೆಯವನು ದಾಟಿದ ಮೇಲೆ ಆರನೆಯವನ ಕಾಲಡಿ ಜಾರಿದ್ದುಂಟು. ಹಿಮಕುಸಿತದ ಅಪಾಯವನ್ನು ಸಾರುವ ಅಳತೆಗೋಲಿನಲ್ಲಿ ಐದು ಹಂತಗಳಿವೆ. ಸ್ವಿಟ್ಜರ್ಲೆಂಡ್‌ನಲ್ಲಿ ಹೆಚ್ಚು ಸಾವು ಕಾಣುವುದು ಮೂರನೆಯದರಲ್ಲಿ; ನಾಲ್ಕು, ಐದು ಎಂದರೆ ಜನ ಮನೆಯಲ್ಲೇ ಉಳಿಯುತ್ತಾರೆ.

ಹೂತುಹೋದವರಿಗೆ ಉಳಿಯುವ ಹೊತ್ತು ತೀರಾ ಕಡಿಮೆ. ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಬಹುತೇಕರು ಬದುಕುತ್ತಾರೆ; ಅರ್ಧ ಗಂಟೆ ದಾಟಿದರೆ ಹೆಚ್ಚಿನವರು ಉಸಿರುಕಟ್ಟಿ ಸಾಯುತ್ತಾರೆ. ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ನಾಡೆಲ್ಲ ಪ್ರಾರ್ಥಿಸಿತು, ಆದರೆ 11ರಂದು ಅವರು ತೀರಿಕೊಂಡರು. ಅಂಥ ಉಳಿವು ಅಪರೂಪದಲ್ಲಿ ಅಪರೂಪ. ನೆರವಿನ ತಂಡ ಊರಿನಿಂದ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಕಾಪಾಡಬೇಕಾದವರು ಜೊತೆಯಲ್ಲಿರುವವರೇ. ಆದ್ದರಿಂದ ಪ್ರತಿಯೊಬ್ಬರ ಮೈಮೇಲೂ ಸಂಕೇತ ಸೂಸುವ ಬೀಕನ್, ಚೀಲದಲ್ಲಿ ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕಡ್ಡಿ, ಲೋಹದ ಸಲಿಕೆ ಇರಲೇಬೇಕು. ಕಡಿದಾದ ಕಡೆ ಒಬ್ಬೊಬ್ಬರೇ ಇಳಿಯಬೇಕು, ಉಳಿದವರು ಕಣ್ಣು ಕೀಳದೆ ನೋಡುತ್ತಿರಬೇಕು.

ಬಿರುಗಾಳಿ ನಿಂತರೆ ಹೊಸ ಹಿಮ ಒಂದೆರಡು ದಿನಗಳಲ್ಲಿ ಸಾಮಾನ್ಯವಾಗಿ ಕಚ್ಚಿಕೊಳ್ಳುತ್ತದೆ. ಆದರೆ ಅಡಿಯ ರವೆ ವಾರಗಟ್ಟಲೆ ಹಾಗೇ ಇರುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಬಣಗುಟ್ಟುತ್ತಿತ್ತು. ಫೆಬ್ರವರಿಯಲ್ಲಿ ಒಮ್ಮೆಗೇ ಭಾರೀ ಹಿಮ ಸುರಿಯಿತು. ಅದರ ಬೆನ್ನಲ್ಲೇ, 22ರಂದು, ಅಲ್ಲಿನ ಖಿಲನ್‌ಮಾರ್ಗ್ ಬಳಿ ರಷ್ಯಾದ ಸ್ಕೀ ತಂಡವೊಂದು ಹಿಮಕುಸಿತಕ್ಕೆ ಸಿಕ್ಕಿತು. ಉಳಿದವರನ್ನು ಕಾಪಾಡಲಾಯಿತು, ಒಬ್ಬರು ಉಳಿಯಲಿಲ್ಲ.