ಬೇವಿನ ಕಡ್ಡಿಯೂ ಬಾಯಿಯ ಸೂಕ್ಷ್ಮಜೀವಿಗಳೂ

ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಸುತ್ತಿನ ಸೀಮೆಯಲ್ಲಿ ಬೇವಿನ ಮರವಿಲ್ಲದ ಊರು ಅಪರೂಪ. ಅದರ ಎಳೆಯ ಕಡ್ಡಿಯನ್ನು ಮುರಿದು, ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡು ಹಲ್ಲುಜ್ಜುವ ರೂಢಿ ಹಿರಿಯರಲ್ಲಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಜಾಲಿಯ ಕಡ್ಡಿ, ಹೊಂಗೆಯ ಕಡ್ಡಿ, ಉತ್ತರಾಣಿಯ ಬೇರು ಇವೂ ಇದೇ ಕೆಲಸಕ್ಕೆ ಬಳಕೆಯಾಗುತ್ತ ಬಂದಿವೆ. ಬೇವಿನ ಕಹಿಗೆ ಹಲ್ಲಿನ ಹುಳು ಸಾಯುತ್ತದೆಂದು ಜನರ ನಂಬಿಕೆ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಪ್ರಯೋಗಶಾಲೆಗಳಲ್ಲಿ ಅಳೆದು ನೋಡಿದ್ದಾರೆ. ಆದರೆ ಅಳತೆಯ ಕ್ರಮವನ್ನು ತಿಳಿಯದೆ ಫಲಿತಾಂಶವನ್ನು ಮಾತ್ರ ಕೇಳಿದವರು ತಪ್ಪು ತಿಳಿಯುವ ಸಂಭವವುಂಟು.

ಮೊದಲಿಗೆ, ಹಲ್ಲಿನಲ್ಲಿ ಹುಳುವೆಂಬುದು ಇಲ್ಲ. ಇರುವುದು ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕ್ ಎಂಬಾತನು ತನ್ನ ಹಲ್ಲುಗಳ ಸಂದಿನಿಂದ ಕೆರೆದು ತೆಗೆದ ಬಿಳಿಯ ಅಂಟನ್ನು ತಾನೇ ಮಾಡಿಕೊಂಡಿದ್ದ ಮಸೂರದಡಿ ಇಟ್ಟು ನೋಡಿ, ಅದರಲ್ಲಿ ಚಲಿಸುವ ಜೀವಿಗಳಿವೆಯೆಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದನು. ಮಾನವರ ಬಾಯಿಯಲ್ಲಿ ಏಳುನೂರಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ವಾಸಿಸಬಲ್ಲವೆಂದು ಇಂದು ತಿಳಿದಿದೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳು.

ಇವು ಹಲ್ಲನ್ನು ಹಾಳುಮಾಡುವ ಬಗೆಯನ್ನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ವಿವರಿಸಿದನು. ಬಾಯಿಯಲ್ಲಿ ಉಳಿದ ಸಕ್ಕರೆ ಮತ್ತು ಪಿಷ್ಟವನ್ನು ಬ್ಯಾಕ್ಟೀರಿಯಾ ಹುಳಿಯಾಗಿಸುತ್ತವೆ. ಆ ಆಮ್ಲವು ಹಲ್ಲಿನ ಕವಚದ ಸುಣ್ಣಾಂಶವನ್ನು ಕರಗಿಸುತ್ತದೆ. ಹಾಲು ಹೆಪ್ಪುಗಟ್ಟಿ ಮೊಸರಾಗುವಾಗಲೂ ಹುಳಿಯನ್ನು ಹುಟ್ಟಿಸುವುದು ಇಂಥದೇ ಬ್ಯಾಕ್ಟೀರಿಯಾ. ದಂತಕ್ಷಯದ ಮುಖ್ಯ ಅಪರಾಧಿಗಳಲ್ಲೊಂದಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಗುರುತಿಸಿದನು. ಇದಕ್ಕೆ ಇನ್ನೊಂದು ಕುಶಲವೂ ಗೊತ್ತು. ಸಕ್ಕರೆಯಿಂದ ಅದು ಅಂಟನ್ನು ತಯಾರಿಸಿ, ಆ ಅಂಟಿನೊಳಗೆ ತನ್ನ ಬಳಗವನ್ನೂ ನೆರೆಹೊರೆಯವನ್ನೂ ಸೇರಿಸಿಕೊಂಡು ಹಲ್ಲಿನ ಮೇಲೆ ಒಂದು ಪೊರೆಯನ್ನು ಕಟ್ಟುತ್ತದೆ. ದಂತವೈದ್ಯರು ಇದನ್ನು ಪ್ಲೇಕ್ ಎನ್ನುತ್ತಾರೆ. ಮುಂದೆ ಹೇಳಲಿರುವ ಎಲ್ಲ ತೊಡಕಿಗೂ ಈ ಪೊರೆಯೇ ಮೂಲ.

ಈಗ ಪ್ರಯೋಗಶಾಲೆಯ ವಿಧಾನವನ್ನು ನೋಡೋಣ. ಬೇವಿನ ಎಲೆಯನ್ನೋ ಜಾಲಿಯ ತೊಗಟೆಯನ್ನೋ ನೆರಳಿನಲ್ಲಿ ಒಣಗಿಸಿ ಪುಡಿಮಾಡುತ್ತಾರೆ. ಪುಡಿಯನ್ನು ನೀರಿನಲ್ಲಿ ಅಥವಾ ಮದ್ಯಸಾರದಲ್ಲಿ ನೆನೆಯಿಟ್ಟು, ಸೋಸಿ, ದ್ರವವನ್ನು ಆವಿಮಾಡಿದರೆ ಉಳಿಯುವ ಕಂದು ಬಣ್ಣದ ಗಟ್ಟಿಯೇ ಸತ್ವ. ನೀರಿಗೆ ಬಿಡುವ ಅಂಶಗಳು ಬೇರೆ, ಮದ್ಯಸಾರಕ್ಕೆ ಬಿಡುವ ಅಂಶಗಳು ಬೇರೆ; ಆದ್ದರಿಂದ ಮನೆಯ ಕಷಾಯವೂ ಪ್ರಯೋಗಶಾಲೆಯ ಸತ್ವವೂ ಒಂದೇ ಅಲ್ಲ. ಬಳಿಕ ಅಗಾರ್ ಎಂಬ ಕಡಲಪಾಚಿಯ ಅಂಟಿನಿಂದ ಮಾಡಿದ ಪೋಷಕ ಪಾಕವನ್ನು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಬ್ಯಾಕ್ಟೀರಿಯಾವನ್ನು ಸವರುತ್ತಾರೆ. ನಡುವೆ ಸಣ್ಣ ಕುಳಿ ಕೊರೆದು ಸತ್ವದ ಕೆಲವು ಹನಿಗಳನ್ನು ಹಾಕಿ, ದೇಹದ ಶಾಖಕ್ಕೆ ಸಮನಾದ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇಡುತ್ತಾರೆ. ಮರುದಿನ ತಟ್ಟೆಯ ಮೇಲೆಲ್ಲ ಬ್ಯಾಕ್ಟೀರಿಯಾ ಮಂಜಿನಂತೆ ಹಬ್ಬಿರುತ್ತವೆ. ಸತ್ವಕ್ಕೆ ಶಕ್ತಿಯಿದ್ದರೆ ಕುಳಿಯ ಸುತ್ತ ಮಾತ್ರ ತಿಳಿಯಾದ ಒಂದು ಬಳೆ ಕಾಣಿಸುತ್ತದೆ. ಅದರ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ.

ಬೇವು, ಜಾಲಿ, ಲವಂಗ, ಅಳಲೆಕಾಯಿ, ಪೇರಲದ ಎಲೆ ಮುಂತಾದ ಅನೇಕ ವಸ್ತುಗಳ ಸತ್ವಗಳು ಈ ಬಳೆಯನ್ನು ತೋರಿಸಿವೆ. ಜಾಲಿ ಮತ್ತು ಅಳಲೆಯ ಒಗರಿಗೆ ಕಾರಣವಾದ ಟ್ಯಾನಿನ್ ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಚರ್ಮ ಹದಮಾಡುವವರು ಹಿಂದಿನಿಂದಲೂ ಬಳಸುತ್ತ ಬಂದಿರುವುದು ಇದೇ ಗುಣವನ್ನು. ಲವಂಗದ ಯೂಜಿನಾಲ್ ಜೀವಕೋಶದ ಹೊರಪೊರೆಯನ್ನು ಸಡಿಲಿಸುತ್ತದೆ. ಸಕ್ಕರೆಯಿಂದ ಅಂಟು ತಯಾರಿಸುವ ಕಿಣ್ವವನ್ನೇ ತಡೆಯಬಲ್ಲ ಅಂಶಗಳು ಚಹದ ಎಲೆಯಲ್ಲಿವೆ. ಜಾಣತನದ ದೃಷ್ಟಿಯಿಂದ ನನಗೆ ಇದೇ ಹೆಚ್ಚು ಮೆಚ್ಚಿಗೆ. ಶತ್ರುವನ್ನು ಕೊಲ್ಲುವ ಬದಲು ಅವನು ಕೋಟೆ ಕಟ್ಟದಂತೆ ಮಾಡುವ ಉಪಾಯವದು.

ಆದರೆ ಬಳೆಯನ್ನು ಕಂಡೊಡನೆ ಹಿಗ್ಗಬಾರದು. ಮದ್ಯಸಾರವೇ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ, ಸತ್ವವಿಲ್ಲದ ಬರಿಯ ಮದ್ಯಸಾರವನ್ನು ಪಕ್ಕದ ಕುಳಿಯಲ್ಲಿ ಹಾಕಿ ಹೋಲಿಸದಿದ್ದರೆ ಆ ಪ್ರಯೋಗಕ್ಕೆ ಬೆಲೆಯಿಲ್ಲ. ಬಳೆಯ ಅಗಲವನ್ನು ನಂಬಿ ಒಂದು ಗಿಡಕ್ಕಿಂತ ಇನ್ನೊಂದು ಬಲವೆನ್ನುವುದೂ ಸರಿಯಲ್ಲ. ಹಗುರವಾದ ಅಣು ಅಗಾರಿನಲ್ಲಿ ಬೇಗ ಹರಡುತ್ತದೆ, ಟ್ಯಾನಿನ್ನಿನಂಥ ಭಾರದ ಅಣು ಇದ್ದಲ್ಲೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆಯಿದೆ. ತಟ್ಟೆಯಲ್ಲಿ ಸತ್ವಕ್ಕೆ ದೊರೆಯುವುದು ಇಡೀ ಒಂದು ದಿನ; ಬಾಯಿಯಲ್ಲಿ ಒಂದೋ ಎರಡೋ ನಿಮಿಷ, ಅಷ್ಟರಲ್ಲಿ ಜೊಲ್ಲು ಅದನ್ನು ತೊಳೆದುಬಿಡುತ್ತದೆ. ತಟ್ಟೆಯಲ್ಲಿರುವುದು ಆಗತಾನೆ ಸವರಿದ, ಮರೆಯಿಲ್ಲದ ಬ್ಯಾಕ್ಟೀರಿಯಾ. ಬಾಯಿಯಲ್ಲಿರುವುದು ಅಂಟಿನ ಪೊರೆಯೊಳಗೆ ಪದರಪದರವಾಗಿ ಅಡಗಿರುವಂಥವು. ಹೀಗೆ ಅಡಗಿದವನ್ನು ಕೊಲ್ಲಲು ಕೆಲವೊಮ್ಮೆ ನೂರಾರು ಪಟ್ಟು ಹೆಚ್ಚು ಸಾಂದ್ರವಾದ ಔಷಧ ಬೇಕಾಗುತ್ತದೆ.

ಇದನ್ನು ಲೇವನ್‌ಹುಕ್ ಆಗಲೇ ಕಂಡಿದ್ದನೆಂದರೆ ಆಶ್ಚರ್ಯವಾಗಬಹುದು. ಅವನು ವಿನೆಗರಿನಿಂದ ಬಾಯಿ ಮುಕ್ಕಳಿಸಿ, ಅನಂತರ ಹಲ್ಲಿನ ಅಂಟನ್ನು ತೆಗೆದು ಪರೀಕ್ಷಿಸಿದನು. ಹೊರಪದರದ ಜೀವಿಗಳು ಸತ್ತಿದ್ದವು, ಒಳಗಿನವು ಬದುಕಿದ್ದವು. ವಿನೆಗರ್ ಪದರವನ್ನು ದಾಟಿ ಒಳಹೋಗಲಿಲ್ಲವೆಂದು ಅವನು ತೀರ್ಮಾನಿಸಿದನು.

ದಂತವೈದ್ಯರು ಕೊಡುವ ಕ್ಲೋರ್‌ಹೆಕ್ಸಿಡೀನ್ ಎಂಬ ದ್ರಾವಣದ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ಅದರ ಅಣುವಿಗೆ ಧನ ವಿದ್ಯುದಂಶವಿರುವುದರಿಂದ ಹಲ್ಲಿಗೂ ಬಾಯಿಯ ಒಳಮೈಗೂ ಅಂಟಿಕೊಂಡು ಹಲವು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಬಹುದಿನ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುವುದೂ ನಾಲಗೆಯ ರುಚಿ ಕೆಡುವುದೂ ಅದರ ದೋಷಗಳು. ಸಸ್ಯಸತ್ವವನ್ನು ಹೀಗೆಯೇ ಹಲ್ಲಿಗೆ ಅಂಟುವಂತೆ ಮಾಡಲು ಸಾಧ್ಯವಾದೀತೆ? ಕರ್ನಾಟಕದಲ್ಲಿಯೇ, ಮಣಿಪಾಲದ ಸಂಶೋಧಕರು ಬೇವಿನ ಎಲೆಯ ಸತ್ವವನ್ನು ಅಂಟುಪಾಕವಾಗಿ ಮಾಡಿ ಆರು ವಾರಗಳ ಕಾಲ ಜನರ ಮೇಲೆ ಪ್ರಯೋಗಿಸಿ, ಕ್ಲೋರ್‌ಹೆಕ್ಸಿಡೀನ್ ದ್ರಾವಣದೊಡನೆ ಹೋಲಿಸಿದರು. ಪೊರೆಯೂ ಬ್ಯಾಕ್ಟೀರಿಯಾದ ಎಣಿಕೆಯೂ ಗಮನಾರ್ಹವಾಗಿ ಇಳಿದವೆಂದು 2004ರಲ್ಲಿ ಪ್ರಕಟಿಸಿದರು. ತಟ್ಟೆಯ ಬಳೆಗಿಂತ ಇಂಥ ಒಂದು ಪರೀಕ್ಷೆ ಹೆಚ್ಚು ತೂಕದ್ದು. ಆದರೆ ದಂತಕ್ಷಯವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೆಳೆಯುವ ರೋಗ; ಆರು ವಾರಗಳಲ್ಲಿ ಪೊರೆ ಇಳಿದುದನ್ನು ಅಳೆಯಬಹುದೇ ಹೊರತು ಹಲ್ಲು ಉಳಿದುದನ್ನು ಅಳೆಯಲಾಗದು.

ಹಾಗಾದರೆ ಹಿರಿಯರ ಕಡ್ಡಿ ವ್ಯರ್ಥವೆ? ಅಲ್ಲ. ಜಗಿದ ಕಡ್ಡಿಯ ನಾರು ಪೊರೆಯನ್ನು ಕೆರೆದು ಕೀಳುತ್ತದೆ. ಕೋಟೆ ಒಡೆದ ಮೇಲೆ ರಸಕ್ಕೆ ಕೆಲಸ ಸುಲಭ. ಕಡ್ಡಿಯನ್ನು ಬಿಟ್ಟು ಕಷಾಯವನ್ನು ಮಾತ್ರ ಹಿಡಿದರೆ ಈ ಲಾಭ ತಪ್ಪುತ್ತದೆ.

ಲವಂಗದ ಎಣ್ಣೆಯ ವಿಷಯದಲ್ಲಿ ಎಚ್ಚರ ಬೇಕು. ಅದರ ಯೂಜಿನಾಲ್ ನರವನ್ನು ಜೋಮುಗೊಳಿಸಿ ನೋವನ್ನು ಅಡಗಿಸುತ್ತದೆ, ಆದರೆ ಕುಳಿ ಅಲ್ಲಿಯೇ ಇರುತ್ತದೆ. ರಾತ್ರಿ ಅತ್ತ ಮಗು ಎಣ್ಣೆ ಹಚ್ಚಿದ ಮೇಲೆ ನಿದ್ರಿಸಿತೆಂದು, ಬೆಳಗ್ಗೆ ಗಂಗಾವತಿಯ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡುವ ಮನೆಗಳುಂಟು. ಕೆಲವು ವಾರಗಳಲ್ಲಿ ಸೋಂಕು ಹಲ್ಲಿನ ಬೇರಿಗಿಳಿದು ದವಡೆ ಊದಿಕೊಂಡರೆ, ಸಣ್ಣ ತುಂಬುವಿಕೆಯಿಂದ ಉಳಿಯಬಹುದಾಗಿದ್ದ ಹಲ್ಲನ್ನು ಕೀಳಬೇಕಾಗಿ ಬರುತ್ತದೆ. ಎಣ್ಣೆಯನ್ನು ಹಾಗೆಯೇ ಒಸಡಿಗೆ ಹಚ್ಚಿದರೆ ಚರ್ಮ ಸುಡುವುದೂ ಉಂಟು.

ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಕೆಲವು ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಸುಣ್ಣದಂಥ ಮಚ್ಚೆಗೂ ಕಂದು ಗೆರೆಗೂ ಬ್ಯಾಕ್ಟೀರಿಯಾ ಕಾರಣವಲ್ಲ. ಅಂತರ್ಜಲದಲ್ಲಿ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡ್, ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ್ದರ ಫಲವದು. ಯಾವ ಸತ್ವದಿಂದಲೂ, ಎಷ್ಟು ಉಜ್ಜಿದರೂ ಅದು ಹೋಗದು. ಬದಲಾಗಬೇಕಾದುದು ಕುಡಿಯುವ ನೀರು.

ಪೊರೆಯನ್ನು ಕಣ್ಣಾರೆ ಕಾಣಬಯಸುವ ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಬೀಟ್‌ರೂಟಿನ ರಸವನ್ನು ಒಂದು ನಿಮಿಷ ಬಾಯಿಯಲ್ಲಿ ಆಡಿಸಿ ಉಗುಳಿ, ನೀರಿನಿಂದ ಒಮ್ಮೆ ಹಗುರವಾಗಿ ಮುಕ್ಕಳಿಸಿ, ಕನ್ನಡಿಯಲ್ಲಿ ನೋಡಿರಿ. ಪೊರೆಯಿರುವಲ್ಲಿ ಕೆಂಪು ನಿಲ್ಲುತ್ತದೆ. ಒಂದು ದಿನ ಆರಿದ ಬೇವಿನ ಕಷಾಯದಿಂದ ಮುಕ್ಕಳಿಸಿದ ಬಳಿಕ, ಇನ್ನೊಂದು ದಿನ ಬೇವಿನ ಕಡ್ಡಿಯಿಂದ ಉಜ್ಜಿದ ಬಳಿಕ ಇದನ್ನು ಮಾಡಿ ಹೋಲಿಸಿರಿ. ಕಷಾಯವನ್ನು ನುಂಗಬೇಡಿ. ಕಡ್ಡಿಯ ದಿನ ಮುಂದಿನ ಹಲ್ಲುಗಳು ಬೆಳ್ಳಗಿದ್ದರೂ, ಕೆಳಸಾಲಿನ ಮುಂಬಲ್ಲುಗಳ ಹಿಂಬದಿಯನ್ನೂ ದವಡೆಹಲ್ಲುಗಳ ಸಂದುಗಳನ್ನೂ ಸಣ್ಣ ಕನ್ನಡಿ ಹಿಡಿದು ತಪ್ಪದೆ ನೋಡಿರಿ. ಕಡ್ಡಿ ತಲುಪದ ಜಾಗಗಳು ಅವು.