ಪಿಎಚ್.ಡಿ. ಮುಗಿದ ಮೇಲೆ ಹೆರಿಗೆ ವಾರ್ಡಿನ ರಿಜಿಸ್ಟರು

ಪಿಎಚ್.ಡಿ. ಮುಗಿಸಿದವರು ಕಾಯಂ ಹುದ್ದೆ ಸಿಗುವ ಮುನ್ನ, ಅನುಭವಿ ಸಂಶೋಧಕರೊಬ್ಬರ ಬಳಿ ಕೆಲವು ವರ್ಷ ನಡೆಸುವ ಸಂಶೋಧನೆಯೇ ಪೋಸ್ಟ್‌ಡಾಕ್. ಪೂರ್ತಿ ವಿದ್ಯಾರ್ಥಿಯೂ ಅಲ್ಲ, ಪೂರ್ತಿ ನೌಕರರೂ ಅಲ್ಲ ಎಂಬ ಅತಂತ್ರ ಸ್ಥಿತಿ ಅದು. ಆದರೆ ತಮ್ಮದೇ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳಲು ಬಿಡುವು ಸಿಗುವುದೂ ಆಗಲೇ. ವೈದ್ಯವಿಜ್ಞಾನಕ್ಕೆ ದತ್ತಾಂಶ ವಿಜ್ಞಾನ ಜೊತೆಯಾದ ಮೇಲೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಓದಿದವರಿಗೂ ಇಲ್ಲಿ ಬೇಡಿಕೆ ಬಂದಿದೆ.

ಈ ಬಗೆಯ ಸಂಶೋಧನೆ ಯಾವುದರ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಮೈಸೂರಿನ ಮಂಡಿ ಮೊಹಲ್ಲಾದಲ್ಲೇ ಉದಾಹರಣೆಯಿದೆ. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ, ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತ ಬರಲಾಯಿತು. ತೂಕ ಪೌಂಡುಗಳಲ್ಲಿ. ಬರೆದವರಿಗೆ ಅದು ದಿನನಿತ್ಯದ ಕೆಲಸ, ಅಷ್ಟೆ.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಂದಿಗೆ ಸೇರಿ ಈ ದಾಖಲೆಗಳನ್ನು ಕೈಗೆತ್ತಿಕೊಂಡರು. ಆಸ್ಪತ್ರೆಯ ಸುತ್ತಲ ಬಡಾವಣೆಗಳಲ್ಲಿ ಮನೆಮನೆ ಸುತ್ತಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗ; 3.1 ಕಿಲೋ ಮೀರಿದವರಲ್ಲಿ ಶೇ. 3 ಮಾತ್ರ. ಸಕ್ಕರೆ ಕಾಯಿಲೆಯ ಲೆಕ್ಕ ಬೇರೆಯೇ ಬಂತು. ಬ್ರಿಟನ್ನಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಅಪಾಯ ಹೆಚ್ಚೆಂದು ಕಂಡಿದ್ದರೆ, ಮೈಸೂರಿನಲ್ಲಿ ತೂಕ ಹೆಚ್ಚಿದ್ದ ತಾಯಂದಿರಿಗೆ ಹುಟ್ಟಿದ, ಗಿಡ್ಡಗೆ ದುಂಡಗಿದ್ದ ಕೂಸುಗಳೇ ಮುಂದೆ ಸಕ್ಕರೆ ಕಾಯಿಲೆಗೆ ಹೆಚ್ಚು ತುತ್ತಾಗಿದ್ದರು.

ಈ ವ್ಯತ್ಯಾಸ ಏಕೆ ಎಂಬ ಪ್ರಶ್ನೆಯ ಬೆನ್ನುಹತ್ತಿ 1997ರಲ್ಲಿ ಆರಂಭವಾದದ್ದು ‘ಮೈಸೂರು ಪಾರ್ಥೆನಾನ್ ಅಧ್ಯಯನ’. ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ಯೌವನದವರೆಗೆ ಹಿಂಬಾಲಿಸಲಾಯಿತು. ಆ ತಾಯಂದಿರಲ್ಲಿ ಶೇ. 43ರಷ್ಟು ಮಂದಿಗೆ ಬಿ12 ವಿಟಮಿನ್ ಕೊರತೆಯಿದ್ದದ್ದು ತಿಳಿದುಬಂದದ್ದು ಹೀಗೆ. ಪೋಸ್ಟ್‌ಡಾಕ್ ಸೇರಿದವರ ಪಾಲಿಗೆ ಬರುವುದೂ ಇಂಥದ್ದೇ ಕೆಲಸ: ಹಳೆಯ ಅಳತೆಗೆ ಹೊಸ ರಕ್ತಪರೀಕ್ಷೆಯನ್ನು ಹೊಂದಿಸಬೇಕು, ಊರು ಬಿಟ್ಟವರಿಂದ ಲೆಕ್ಕ ತಪ್ಪಿದೆಯೇ ನೋಡಬೇಕು. ಕೋಡ್ ಬರೆಯಲು ಬಂದರೆ ಸಾಲದು. ಅಳತೆ ಹೇಗೆ ತೆಗೆದರು ಎಂಬುದೂ ಗೊತ್ತಿರಬೇಕು.

ಕರ್ನಾಟಕದಲ್ಲಿ ಇಂಥ ದತ್ತಾಂಶ ಬೇರೆಡೆಯೂ ಸೇರುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರ ಮುಪ್ಪನ್ನು ಅಧ್ಯಯನ ಮಾಡುತ್ತಿದೆ. 10,000 ಭಾರತೀಯರ ಜೀನೋಮ್ ಓದಿದ ಯೋಜನೆಯ ಮುಂದಾಳತ್ವವೂ ಅದರದೇ.

ಹಣದ ದಾರಿಗಳು ಹಲವು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ವೆಲ್‌ಕಮ್ ಟ್ರಸ್ಟೂ 2008ರಲ್ಲಿ ಸೇರಿ ಆರಂಭಿಸಿದ ‘ಇಂಡಿಯಾ ಅಲಯನ್ಸ್’ ಫೆಲೋಶಿಪ್ ಒಂದು. ಎರಡು ವರ್ಷದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇನ್ನೊಂದು. ಕೇಂದ್ರದ ಅನುದಾನಿತ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್‌ಗೆ 2023ರಿಂದ ತಿಂಗಳಿಗೆ 58,000ದಿಂದ 67,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ರಾಷ್ಟ್ರೀಯ ಫೆಲೋಶಿಪ್ಪಿಗೆ ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಬೇಕು. ಹಾಗಾಗಿ ಅರ್ಜಿ ಕರೆಯುವವರೆಗೆ ಕಾಯದೆ, ಯಾರ ಬಳಿ ಯಾವ ದತ್ತಾಂಶವಿದೆ ಎಂದು ವಿಚಾರಿಸಿ, ಕೇಳಬೇಕೆಂದಿರುವ ಪ್ರಶ್ನೆಯೊಂದಿಗೆ ಅವರಿಗೆ ಪತ್ರ ಬರೆಯುವುದು ಒಳ್ಳೆಯದು.